ಪುಟ್ಟ ಡಬ್ಬಾ ಕಂಪ್ಯೂಟರ್‌ಗೆ ಆಮೇಲೆ ಏನಾದ್ರೂ ಹಾಕ್ಸಕ್ಕಾಗತ್ತಾ?

(ಜಯನಗರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು. ಬರಿಯೋವಾಗ ಸ್ವಲ್ಪ ಸೇರ್ಸಿದೀನಿ, ಸ್ವಲ್ಪ ಬಿಟ್ಟಿದೀನಿ. ಆವತ್ತು ಬಂದ ಪ್ರಶ್ನೆಗಳಲ್ಲಿ ಕೆಲವು ಕೊನೇಲಿ ಇವೆ.)

ಎಲ್ರಿಗೂ ನಮಸ್ಕಾರ. ಕೈ ಎತ್ತಿ ಅಂದಾಗ ನೋಡ್ದೆ, ಕೆಲವರ ಹತ್ರ ಆಪಲ್‌ನ ಮ್ಯಾಕ್ ಮಿನಿ ಇದೆ, ಕೆಲವರ ಹತ್ರ ಕಂಪ್ಯೂಟರ್ ಅಂಗಡಿಗಳಿರೋ ಎಸ್‌ಪಿ ರೋಡಿಂದ ತಂದ ಸೆಕೆಂಡ್ ಹ್ಯಾಂಡ್ ಲೆನೊವೊ ಟೈನಿ, ಡೆಲ್ ಮೈಕ್ರೋ, ಎಚ್‌ಪಿ ಮಿನಿ ಇದೆ, ಇನ್ನುಳಿದೋರು ಏನೂ ತಗೊಂಡಿಲ್ಲ, ಮುಂದಿನ ಮಾಡೆಲ್ ಬರ್ಲಿ ನೋಡೋಣ ಅಂತ ಕಾಯ್ತಿದೀರ. ಆದ್ರೆ ಒಳಗೆ ಬರೋ ಮುಂಚೆ ಬಾಗ್ಲಲ್ಲಿ ನಿಂತು ಮೂರೂ ಥರದೋರು ಕೇಳಿದ್ದು ಒಂದೇ. ಈಗ ಕಮ್ಮಿ ದುಡ್ಡಿನ ಮಾಡೆಲ್ ತಗೊಂಡು ಆಮೇಲೆ ಕೈಯಲ್ಲಿ ದುಡ್ಡು ಬಂದಾಗ ರ‍್ಯಾಮೋ (ಕೆಲಸ ನಡೆಯೋವಾಗ ಡೇಟಾ ಇಟ್ಕೊಳ್ಳೋ ಮೆಮೊರಿ) ಎಸ್‌ಎಸ್‌ಡಿನೋ (ಫೈಲ್‌ಗಳು ಉಳಿಯೋ ಸ್ಟೋರೇಜ್) ಹಾಕ್ಸ್ಕೋಬೋದಾ ಅಂತ.

ನನ್ನ ಉತ್ತರ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಬೇಕಿದ್ದೋರು ಕಾಫಿಗೆ ಎದ್ದು ಹೋಗ್ಬೋದು. ಸ್ಟೋರೇಜ್ ವಿಷ್ಯದಲ್ಲಿ ಆಸೆ ಇಟ್ಕೊಳ್ಳೋದಲ್ಲ, ಜಗಳ ಮಾಡಿ ಕೇಳ್ಬೇಕು, ಅದನ್ನ ಬದಲಾಯ್ಸಕ್ಕೆ ಬಿಡ್ದೇ ಇರಕ್ಕೆ ಯಾವ ಕಂಪನಿಗೂ ಒಳ್ಳೆ ಕಾರಣ ಇಲ್ಲ. ರ‍್ಯಾಮ್ ವಿಷ್ಯ ಅಷ್ಟು ಸಲೀಸಲ್ಲ, ಅಲ್ಲಿ ಬಿಚ್ಚಕ್ಕಾಗದ ಹಾಗೆ ಬೋರ್ಡಿಗೆ ಬೆಸುಗೆ ಹಾಕೋದಕ್ಕೆ ನಿಜವಾದ ಕಾರಣ ಒಂದಷ್ಟು ಇದೆ, ನೆಪ ಒಂದಷ್ಟು ಇದೆ, ಎರಡನ್ನೂ ಬೇರೆ ಬೇರೆ ಮಾಡಿ ನೋಡ್ಬೇಕು, ಇವತ್ತಿನ ಮಾತಿನ ಮುಕ್ಕಾಲು ಪಾಲು ಅದೇ. ಪ್ರೊಸೆಸರ್ ಆಸೆ ಬಹಳಷ್ಟು ಜನ ಬಿಟ್ಬಿಡೋದೇ ವಾಸಿ.

ಮ್ಯಾಕ್ ಮಿನಿಯಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಈ ಇಪ್ಪತ್ತು ವರ್ಷದ ಹಾವು ಏಣಿ ಆಟ ಅದೊಂದ್ರಲ್ಲೇ ಪೂರ್ತಿ ಕಾಣತ್ತೆ. 2005ರ ಜನವರೀಲಿ ಸ್ಟೀವ್ ಜಾಬ್ಸ್ ಅದನ್ನ ತೋರ್ಸಿದಾಗ ಬೆಲೆ 499 ಡಾಲರ್, ಹದಿನಾರೂವರೆ ಸೆಂಟಿಮೀಟರ್ ಚೌಕ, ಐದು ಸೆಂಟಿಮೀಟರ್ ಎತ್ತರ, ಒಳಗೆ ಪವರ್‌ಪಿಸಿ ಜಿ4 ಚಿಪ್ಪು, 256 ಎಂಬಿ ರ‍್ಯಾಮ್. ಮಾನಿಟರ್ ಕೀಬೋರ್ಡ್ ಮೌಸ್ ನಿಮ್ಮದೇ ತನ್ನಿ ಅಂದ್ರು. ರ‍್ಯಾಮ್‌ಗೆ ಒಂದು ಸ್ಲಾಟ್ ಇತ್ತು, ಆದ್ರೆ ಡಬ್ಬಾ ಬಿಚ್ಚೋಕೆ ಜನ ಗೋಡೆಗೆ ಪುಟ್ಟಿ ಬಳಿಯೋರ ಹತ್ರ ಇರತ್ತಲ್ಲ ಆ ತೆಳು ತಗಡಿನ ಪಟ್ಟಿ, ಅದನ್ನ ಸಂದೀಲಿ ತೂರ್ಸಿ ಎಬ್ಬಿಸ್ತಿದ್ರು. 2010ರಲ್ಲಿ ಅಲ್ಯೂಮಿನಿಯಂ ಬಾಡಿ ಬಂತು, ಕೆಳಗಡೆ ದುಂಡಗಿನ ಮುಚ್ಚಳ, ಕೈಯಲ್ಲೇ ತಿರುಗ್ಸಿ ತೆಗೆದ್ರೆ ಎರಡು ರ‍್ಯಾಮ್ ಸ್ಲಾಟ್ ಎದುರಿಗೇ, ಸ್ಕ್ರೂಡ್ರೈವರೂ ಬೇಡ. 2012ರಲ್ಲಿ ನಾಲ್ಕು ಕೋರ್‌ನ (ಕೋರ್ ಅಂದ್ರೆ ಲೆಕ್ಕ ಮಾಡೋ ಘಟಕ) ಇಂಟೆಲ್ ಐ7 ಪ್ರೊಸೆಸರ್ ಕೂಡ ಸಿಕ್ತು, ಇವತ್ತಿಗೂ ಆ ಮಾಡೆಲನ್ನ ಹೊಗಳೋರು ಸಿಗ್ತಾರೆ.

ಆಮೇಲೆ 2014. ರ‍್ಯಾಮ್ ಬೋರ್ಡಿಗೇ ಬೆಸುಗೆ, ನಾಲ್ಕು ಕೋರ್ ಹೋಯ್ತು ಎರಡಕ್ಕೆ ಇಳಿದ್ರು, ಬೆಲೆ ಮಾತ್ರ ಮತ್ತೆ 499 ಡಾಲರ್‌ಗೆ ತಂದ್ರು, ಅಷ್ಟು ಮಾಡಿ ನಾಲ್ಕು ವರ್ಷ ಆ ಕಡೆ ತಿರುಗೀನೂ ನೋಡ್ಲಿಲ್ಲ. 2018ರಲ್ಲಿ ಎದ್ದು ಬಂದಾಗ ತಮಾಷೆ ನೋಡಿ, ರ‍್ಯಾಮ್ ಸ್ಲಾಟ್ ವಾಪಸ್ ಬಂತು, 64 ಜಿಬಿ ತನಕ ಹಾಕ್ಬೋದು, ಆದ್ರೆ ಎಸ್‌ಎಸ್‌ಡಿ ಬೆಸುಗೆ ಆಗೋಯ್ತು. ಎರಡೇ ವರ್ಷ, 2020ರ ನವೆಂಬರ್‌ನಲ್ಲಿ ಆಪಲ್‌ನ ಸ್ವಂತ ಚಿಪ್ ಎಂ1 ಬಂದು ರ‍್ಯಾಮ್ ಬೋರ್ಡಿಂದಾನೂ ಎದ್ದು ಪ್ರೊಸೆಸರ್ ಪ್ಯಾಕೇಜ್ ಮೇಲೇ ಹೋಗಿ ಕೂತ್ಕೊಂಡ್ತು. 2024ರ ಅಕ್ಟೋಬರ್‌ನಲ್ಲಿ ಎಂ4 ಮಿನಿ ಬಂದಾಗ ಮತ್ತೆ ಉಲ್ಟಾ, ಡಬ್ಬಾ 12.7 ಸೆಂಟಿಮೀಟರ್‌ಗೆ ಕುಗ್ಗಿತು, ರ‍್ಯಾಮ್ ಅಲ್ಲೇ ಇದೆ, ಆದ್ರೆ ಸ್ಟೋರೇಜ್ ಬಿಚ್ಚೋ ಥರ ಸಣ್ಣ ಕಾರ್ಡ್ ಮೇಲೆ ಬಂತು! ಅಂದ್ರೆ ಈ ಕಂಪನಿ ಒಂದೇ ದಿಕ್ಕಲ್ಲಿ ಹೋಗ್ತಾ ಇಲ್ಲ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಳ್ತಾ ಬಂದಿದೆ, ಅದಕ್ಕೇ ಪ್ರತಿ ಹೊಸ ಮಾಡೆಲ್ ಮುಂಚೆ ಜನಕ್ಕೆ ಆಸೆ ಹುಟ್ಟೋದು ತಪ್ಪಲ್ಲ. (ಪವರ್ ಬಟನ್ ಅಡೀಲಿ ಯಾಕೆ ಇಟ್ರು ಅಂತ ನನ್ನ ಕೇಳ್ಬೇಡಿ.)

ಈಗ ರ‍್ಯಾಮ್. ಯಾಕೆ ಬೆಸುಗೆ ಹಾಕ್ತಾರೆ? ದುಡ್ಡು ಮಾಡೋಕೆ ಅಂತ ಹಿಂದಿನ ಸಾಲಿಂದ ಯಾರೋ ಕೂಗಿದ್ರಿ, ಅದು ಅರ್ಧ ಸತ್ಯ. ಇನ್ನರ್ಧ ಬ್ಯಾಂಡ್‌ವಿಡ್ತ್, ಅಂದ್ರೆ ಸೆಕೆಂಡಿಗೆ ಎಷ್ಟು ಡೇಟಾ ಸಾಗತ್ತೆ ಅನ್ನೋದು. ನಮ್ಮ ದರ್ಶಿನಿಗಳಲ್ಲಿ ದೋಸೆ ಹಾಕೋರು ಎಷ್ಟೇ ಚುರುಕಾಗಿದ್ರೂ ಒಳಗಿಂದ ಹಿಟ್ಟಿನ ಪಾತ್ರೆ ಬರೋ ಕಿಟಕಿ ಗೇಣಗಲ ಇದ್ರೆ ಕಲ್ಲು ಖಾಲಿ ಕಾಯ್ತಿರತ್ತೆ. ಪ್ರೊಸೆಸರ್ ಕಥೆನೂ ಅದೇ. ಪುಟ್ಟ ಡಬ್ಬಾದಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲ್ಲ, ಗ್ರಾಫಿಕ್ಸೂ ಪ್ರೊಸೆಸರ್ ಒಳಗೇ ಇರತ್ತೆ, ಇಬ್ರೂ ಅದೇ ರ‍್ಯಾಮನ್ನ ಹಂಚ್ಕೋಬೇಕು, ಹಂಗಾಗಿ ಆ ದಾರಿ ಎಷ್ಟು ಅಗಲ ಅನ್ನೋದು ಎಷ್ಟು ಜಿಬಿ ಅನ್ನೋದಕ್ಕಿಂತ ಎಷ್ಟೋ ಸಲ ಮುಖ್ಯ ಆಗತ್ತೆ.

ಲೆಕ್ಕ ಕಷ್ಟ ಇಲ್ಲ, ನೀವೇ ಮಾಡ್ಕೋಬೋದು. ಡಿಡಿಆರ್4 2666 ರ‍್ಯಾಮ್ ಅಂದ್ರೆ ಸೆಕೆಂಡಿಗೆ 2666 ಮಿಲಿಯ ಸಲ ಡೇಟಾ ಸಾಗತ್ತೆ, ಒಂದೊಂದು ಸಲಕ್ಕೆ 8 ಬೈಟ್, ಗುಣಿಸಿದ್ರೆ ಸೆಕೆಂಡಿಗೆ 21.3 ಜಿಬಿ. ಎರಡು ಸ್ಲಾಟಲ್ಲೂ ಒಂದೊಂದು ಹಾಕಿದ್ರೆ 42.6. (ಅದಕ್ಕೇ 16 ಜಿಬಿದು ಒಂದು ಹಾಕೋದಕ್ಕಿಂತ 8ರದ್ದು ಎರಡು ಹಾಕ್ರಿ ಅಂತ ಎಲ್ರಿಗೂ ಹೇಳೋದು, ಅಂಗಡಿಯೋರು ಒಂದೇ ಹಾಕಿ ಕೊಟ್ಟಿರ್ತಾರೆ, ಎರಡ್ನೇ ಸ್ಲಾಟ್ ಧೂಳು ತಿಂತಾ ಕೂತಿರತ್ತೆ.) ಡಿಡಿಆರ್5 5600ದು ಎರಡು ಹಾಕಿದ್ರೆ ಸುಮಾರು 90 ಜಿಬಿ. ಎಂ4 ಮಿನಿದು 120. ಅದಕ್ಕಿಂತ ದೊಡ್ಡ ಚಿಪ್ ಎಂ4 ಪ್ರೋದು 273. ಇಲ್ಲೇ ವ್ಯತ್ಯಾಸ ಕಾಣತ್ತೆ. ಲ್ಯಾಪ್‌ಟಾಪ್‌ಗೆ ಹಾಕೋ ಆ ಉದ್ದನೆ ರ‍್ಯಾಮ್ ಕಡ್ಡಿ, ಅದರ ಸ್ಲಾಟು, ಅಲ್ಲಿಂದ ಪ್ರೊಸೆಸರ್ ತನಕ ತಾಮ್ರದ ಗೆರೆ, ಇಷ್ಟು ದೂರ ದಾಟೋವಾಗ ವೇಗ ಜಾಸ್ತಿ ಆದ ಹಾಗೆ ಸಿಗ್ನಲ್ ಕೆಡತ್ತೆ, ಕೆಡದೇ ಇರ್ಲಿ ಅಂತ ವೋಲ್ಟೇಜ್ ಏರ್ಸಿದ್ರೆ ಬಿಸಿ ಆಗತ್ತೆ, ಕರೆಂಟ್ ತಿನ್ನತ್ತೆ. ಎಲ್‌ಪಿಡಿಡಿಆರ್ ಅನ್ನೋ ಫೋನ್ ಥರದ ಮೆಮೊರಿನ ಪ್ರೊಸೆಸರ್ ಪಕ್ಕದಲ್ಲೇ ಅಂಟ್ಸಿದ್ರೆ ಈ ತಾಪತ್ರಯ ಇಲ್ಲ. ಸುಮ್ನೆ ಆನ್ ಆಗಿ ಕೂತಿರೋವಾಗ ಎಂ4 ಮಿನಿ ನಾಲ್ಕೈದು ವಾಟಲ್ಲಿ ಇರತ್ತಲ್ಲ, ಅದರ ಹಿಂದೆ ಇದೂ ಒಂದು ಕಾರಣ.

ಹಾಗಿದ್ರೆ ಆಸೆ ಬಿಡ್ಬೇಕಾ? ಇಲ್ಲ, ಇಲ್ಲೇ ಸ್ವಾರಸ್ಯ ಇರೋದು. 2022ರಲ್ಲಿ ಡೆಲ್ ತನ್ನ ಪ್ರಿಸಿಷನ್ ಲ್ಯಾಪ್‌ಟಾಪಲ್ಲಿ ಕ್ಯಾಮ್ ಅಂತ ಹೊಸ ಥರದ ರ‍್ಯಾಮ್ ತಂತು. ಅದು ಸ್ಲಾಟಿಗೆ ತೂರ್ಸೋದಲ್ಲ, ಬೋರ್ಡ್ ಮೇಲೆ ಚಪ್ಪಟೆ ಮಲಗ್ಸಿ ಸ್ಕ್ರೂ ಬಿಗಿ ಮಾಡಿ ಒತ್ತಿ ಕೂರ್ಸೋದು, ಗೆರೆ ಉದ್ದ ಕಮ್ಮಿ ಆಗತ್ತೆ. 2023ರ ಡಿಸೆಂಬರ್‌ನಲ್ಲಿ ಮೆಮೊರಿಗೆ ಸ್ಟ್ಯಾಂಡರ್ಡ್ ಗೊತ್ತು ಮಾಡೋ ಸಂಸ್ಥೆ ಜೆಡೆಕ್ ಅದನ್ನ ಕ್ಯಾಮ್2 ಅಂತ ಎಲ್ರೂ ಬಳಸೋ ಸ್ಟ್ಯಾಂಡರ್ಡ್ ಮಾಡ್ತು, ಅದ್ರಲ್ಲೇ ಎಲ್‌ಪಿಡಿಡಿಆರ್ ಹಾಕಿರೋದು ಎಲ್‌ಪಿಕ್ಯಾಮ್2. 2024ರಲ್ಲಿ ಲೆನೊವೊ ಥಿಂಕ್‌ಪ್ಯಾಡ್ ಪಿ1ನಲ್ಲಿ ಬಂತು, ಮೆಮೊರಿ ತಯಾರಿಸೋ ಮೈಕ್ರಾನ್‌ನೋರು 32, 64 ಜಿಬಿದು ಬಿಡಿಯಾಗೂ ಮಾರಿದ್ರು. ಈಗ ಲೆಕ್ಕ ಹಾಕಿ, ಅದು 7500 ವೇಗದ್ದು, ಒಂದೇ ಮಾಡ್ಯೂಲ್ 128 ಬಿಟ್ ಅಗಲ, ಅಂದ್ರೆ 16 ಬೈಟ್, ಗುಣಿಸಿ ನೋಡಿ. 120 ಜಿಬಿ! ಎಂ4 ಮಿನಿದು ಎಷ್ಟು ಅಂದೆ? ಅದೇ 120.

ಅಂದ್ರೆ ಬೇಸ್ ಮಾಡೆಲ್ ವಿಷ್ಯದಲ್ಲಿ ಬ್ಯಾಂಡ್‌ವಿಡ್ತ್ ಅನ್ನೋ ಕಾರಣ ನಿಲ್ಲಲ್ಲ ಅಂತ ನನ್ನ ವಾದ. ಮಾಡ್ಯೂಲ್‌ಗೆ ಜಾಗ ಬೇಕು, ಡಬ್ಬಾ ಒಂದೆರಡು ಸೆಂಟಿಮೀಟರ್ ದೊಡ್ಡದಾಗತ್ತೆ, ಕರೆಂಟ್ ಸ್ವಲ್ಪ ಜಾಸ್ತಿ ತಗೊಳತ್ತೆ, ಒಪ್ಪಿದೆ, ಆದ್ರೆ ಮೇಜಿನ ಮೇಲೆ ಇಡೋ ಕಂಪ್ಯೂಟರ್ ಇದು, ಜೇಬಲ್ಲಿ ಇಡೋದಲ್ಲ.

ಪ್ರೋ ಥರದ ಚಿಪ್‌ಗಳಿಗೆ ಮಾತ್ರ ಈ ವಾದ ನಡಿಯಲ್ಲ, ಅದನ್ನೂ ನೇರವಾಗಿ ಹೇಳ್ಬೇಕು. ಫ್ರೇಮ್‌ವರ್ಕ್ ಗೊತ್ತಲ್ಲ, ಎಲ್ಲಾ ಬಿಚ್ಚಿ ನೀವೇ ರಿಪೇರಿ ಮಾಡ್ಕೊಳ್ಳಿ ಅಂತ ಲ್ಯಾಪ್‌ಟಾಪ್ ಮಾರೋ ಕಂಪನಿ, ಅವ್ರು 2025ರ ಫೆಬ್ರವರೀಲಿ ಒಂದು ಪುಟ್ಟ ಡೆಸ್ಕ್‌ಟಾಪ್ ಪ್ರಕಟಿಸಿದ್ರು, ನಾಲ್ಕೂವರೆ ಲೀಟರ್ ಗಾತ್ರ, ಎಎಂಡಿ ರೈಝೆನ್ ಎಐ ಮ್ಯಾಕ್ಸ್ ಚಿಪ್, 128 ಜಿಬಿ ತನಕ ಮೆಮೊರಿ. ಅದ್ರಲ್ಲಿ ರ‍್ಯಾಮ್ ಬೆಸುಗೆ. ಜನ ಹೌಹಾರಿದ್ರು, ನೀವೂನಾ ಅಂತ. ಅವ್ರು ಹೇಳಿದ್ದು ಇಷ್ಟು, ಎಎಂಡಿ ಜೊತೆ ಕೂತು ಎಲ್‌ಪಿಕ್ಯಾಮ್ ಹಾಕಕ್ಕಾಗತ್ತಾ ಅಂತ ನೋಡಿದ್ವಿ, 256 ಬಿಟ್ ಅಗಲದ ದಾರೀಲಿ ಸಿಗ್ನಲ್ ಸರಿ ನಿಲ್ಲಲಿಲ್ಲ ಅಂತ. ಆ ಅಗಲ ಇದ್ರೇನೇ 256 ಜಿಬಿ ವೇಗ ಸಿಗೋದು. ರಿಪೇರಿ ಹೆಸರಲ್ಲೇ ಬದುಕೋ ಕಂಪನಿಯೇ ಬೆಸುಗೆ ಹಾಕ್ತು ಅಂದ್ರೆ ಅಲ್ಲಿ ಕಾರಣ ನಿಜವಾಗ್ಲೂ ಇದೆ ಅಂತ ನಾನು ನಂಬ್ತೀನಿ. ಅದಕ್ಕೆ ಆ ಥರ ಮಷಿನ್ ತಗೊಳ್ಳೋರು ಮೆಮೊರಿನ ತಗೊಳ್ಳೋ ದಿನಾನೇ ಪೂರ್ತಿ ತಗೊಳ್ಳಿ, ಎಸ್‌ಎಸ್‌ಡಿ ಚಿಕ್ಕದಿದ್ರೂ ಪರ್ವಾಗಿಲ್ಲ.

ಸ್ಟೋರೇಜ್‌ಗೆ ಬಂದ್ರೆ ನಂಗೆ ಈ ಸಹನೆ ಇಲ್ಲ. ಎಂ4 ಮಿನಿ ಇಂಡಿಯಾದಲ್ಲಿ ಬಂದಾಗ 256 ಜಿಬಿದು 59,900 ರೂಪಾಯಿ, 512ದು 79,900. 256 ಜಿಬಿ ಜಾಸ್ತಿಗೆ 20,000! ಅದ್ರ ಮೇಲೆ ರ‍್ಯಾಮ್ 16ರಿಂದ 24ಕ್ಕೆ ಹೋದ್ರೆ ಇನ್ನೊಂದು 20,000, ಒಟ್ಟು 99,900. ಸ್ಟೋರೇಜ್‌ಗೆ ಮೆಮೊರಿ ಥರ ವೇಗದ ತೊಂದ್ರೆ ಇಲ್ಲ, ಎಸ್‌ಎಸ್‌ಡಿ ಕೂರ್ಸೋ ಎಂ.2 ಸ್ಲಾಟ್ ಅನ್ನೋದು ಜಗತ್ತಿಗೆಲ್ಲಾ ಒಂದೇ, ಸೆಕೆಂಡಿಗೆ 7000 ಎಂಬಿ ಓಡೋ ಎಸ್‌ಎಸ್‌ಡಿಗಳು ಆ ಸ್ಲಾಟಲ್ಲೇ ಓಡ್ತಿವೆ. ಮಿನಿ ಒಳಗಿರೋ ಕಾರ್ಡ್ ನೋಡಕ್ಕೆ ಎಂ.2 ಥರ ಇದ್ರೂ ಅದಲ್ಲ, ಅದ್ರಲ್ಲಿ ಬರೀ ಫ್ಲ್ಯಾಶ್ ಚಿಪ್ ಇರೋದು, ಅದನ್ನ ನಡ್ಸೋ ಕಂಟ್ರೋಲರ್ ಎಂ4 ಒಳಗಿದೆ, ಹಂಗಾಗಿ ಅಂಗಡೀಲಿ ಸಿಗೋ ಎನ್‌ವಿಎಂಇ ಎಸ್‌ಎಸ್‌ಡಿ ತಂದು ಹಾಕಕ್ಕಾಗಲ್ಲ. ಬೇರೆಯೋರು ಮಾಡಿ ಮಾರೋ ಕಾರ್ಡ್‌ಗಳು ಬಂದಿವೆ, ಜನ ಹಾಕ್ಸ್ಕೊಂಡಿದಾರೆ, ಕೆಲಸ ಮಾಡತ್ತೆ. ಆದ್ರೆ ಹಾಕಿದ್ಮೇಲೆ ಇನ್ನೊಂದು ಮ್ಯಾಕ್ ಕೇಬಲಲ್ಲಿ ಕನೆಕ್ಟ್ ಮಾಡಿ ಡಿಎಫ್‌ಯು ರಿಸ್ಟೋರ್ (ಸಿಸ್ಟಮ್ಮನ್ನ ಮೊದಲಿಂದ ಹಾಕೋದು) ಮಾಡ್ಬೇಕು, ಆ ಎರಡ್ನೇ ಮ್ಯಾಕ್ ಎಲ್ಲಿಂದ ತರ್ತೀರ ಅನ್ನೋದನ್ನ ಮೊದ್ಲೇ ಯೋಚ್ನೆ ಮಾಡಿ. ಎಂ4ಗೆ ಅಂತ ಇರೋ ಕಾರ್ಡ್ ಎಂ4 ಪ್ರೋಗೆ ಕೂರಲ್ಲ, ಅದೂ ನೆನಪಿರ್ಲಿ.

ಇಷ್ಟೆಲ್ಲಾ ಯಾಕೆ ಅನ್ಸಿದ್ರೆ ಹಿಂದುಗಡೆ ಇರೋ ಥಂಡರ್‌ಬೋಲ್ಟ್ ಅನ್ನೋ ವೇಗದ ಪೋರ್ಟ್‌ಗೆ ಹೊರಗಡೆಯಿಂದ ಒಂದು ಎಸ್‌ಎಸ್‌ಡಿ ಹಾಕ್ಕೊಳ್ಳಿ, ಒಳ್ಳೆ ಕೇಸ್ ಇದ್ರೆ 3000 ಎಂಬಿ ಆಸುಪಾಸು ಬರತ್ತೆ, ವಿಡಿಯೋ ಎಡಿಟಿಂಗ್‌ಗೂ ಸಾಕು. ಮುಂದಿನ ಎರಡು ಪೋರ್ಟ್ 10 ಗಿಗಾಬಿಟ್‌ನವು, ಅಲ್ಲಿ 1000 ದಾಟಲ್ಲ, ಎಷ್ಟೋ ಜನ ಕೈಗೆ ಹತ್ರ ಅಂತ ಅಲ್ಲೇ ಸಿಗ್ಸಿ ನಿಧಾನ ಅಂತ ಬೈತಿರ್ತಾರೆ.

ಸರಿ, ಈಗ ಎಸ್‌ಪಿ ರೋಡ್ ಡಬ್ಬಾಗಳು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ರಿಂಗ್ ರೋಡ್ ಕಡೆ ಆಫೀಸ್‌ಗಳು ಲೀಸ್ ಮುಗಿದ್ಮೇಲೆ ಹೊರಗೆ ಹಾಕೋ ಒಂದು ಲೀಟರ್ ಗಾತ್ರದ ಮಷಿನ್‌ಗಳು ಇವು, ನಮ್ಮೂರಲ್ಲಿ ಇದಕ್ಕೆ ಬರ ಇಲ್ಲ. ಅಪ್‌ಗ್ರೇಡ್ ಅನ್ನೋ ಮಾತಿಗೆ ನಿಜವಾದ ಅರ್ಥ ಇರೋದು ಇವುಗಳಲ್ಲೇ, ಹಿಂದೆ ಒಂದು ಸ್ಕ್ರೂ ತೆಗೆದು ಮುಚ್ಚಳ ಜಾರ್ಸಿದ್ರೆ ಎರಡು ರ‍್ಯಾಮ್ ಸ್ಲಾಟ್, ಒಂದೋ ಎರಡೋ ಎಂ.2 ಸ್ಲಾಟ್, ಎಷ್ಟೋ ಮಾಡೆಲಲ್ಲಿ ಎರಡೂವರೆ ಇಂಚಿನ ಸಾಟಾ ಡ್ರೈವ್‌ಗೆ ಜಾಗ, ವೈಫೈ ಕಾರ್ಡ್ ಕೂಡ ಬಿಚ್ಚಿ ಬದಲಾಯ್ಸೋ ಥರದ್ದೇ. ಎಸ್‌ಎಸ್‌ಡಿ ತಗೊಳ್ಳೋವಾಗ 2280 ಅಂತ ಬರೆದಿರೋದು ನೋಡಿ, 22 ಮಿಲಿಮೀಟರ್ ಅಗಲ 80 ಉದ್ದ ಅಂತ ಅಷ್ಟೇ ಅದರರ್ಥ, 2230 ಅಂದ್ರೆ ಗಿಡ್ಡದು. ಹಳೇ ಬೋರ್ಡ್‌ಗಳಲ್ಲಿ ಡೇಟಾ ಸಾಗೋ ದಾರಿ ಪಿಸಿಐಇ 3ನೇ ತಲೆಮಾರಿಂದು, ಅಲ್ಲಿ 3500 ಎಂಬಿ ಮೇಲೆ ಹೋಗಲ್ಲ, ಅಂಗಡಿಯಣ್ಣ 7000ದು ತಗೊಳ್ಳಿ ಸಾರ್ ಫಾಸ್ಟ್ ಅಂದ್ರೆ ನಕ್ಕು ಕಮ್ಮಿದೇ ತಗೊಳ್ಳಿ.

ಒಂದು ವಿಷ್ಯ ಮಾತ್ರ ಕಿವಿ ಕೊಟ್ಟು ಕೇಳಿ. ವಿಂಡೋಸ್ 10ಗೆ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11 ಬೇಕು ಅಂದ್ರೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ಜನರೇಷನ್ನಿಂದ ಮೇಲೆ ಬೇಕು, ಟಿಪಿಎಂ 2.0 ಅನ್ನೋ ಭದ್ರತಾ ಏರ್ಪಾಡು ಬೇಕು. ಅದಕ್ಕೇ 6, 7ನೇ ಜನರೇಷನ್ ಡಬ್ಬಾ ಅಷ್ಟು ಅಗ್ಗಕ್ಕೆ ಕೊಡೋದು. ಆಗ ಒಬ್ಬ ಬುದ್ಧಿವಂತ ಅನ್ಕೋತಾನೆ, 7ನೇದು ತಗೊಂಡು 8ನೇ ಜನರೇಷನ್ ಪ್ರೊಸೆಸರ್ ಮಾತ್ರ ಬೇರೆ ತಂದು ಹಾಕೋಣ, ಎರಡೂ ಎಲ್‌ಜಿಎ 1151 ಸಾಕೆಟ್ ತಾನೇ ಅಂತ. ಸಾಕೆಟ್ ಹೆಸರು ಒಂದೇ, ಪಿನ್ ಲೆಕ್ಕಾನೂ ಒಂದೇ, ಆದ್ರೆ ಇಂಟೆಲ್ ಒಳಗಡೆ ಬದಲಾಯ್ಸ್ಬಿಟ್ಟಿದೆ, ಆ ಬೋರ್ಡಲ್ಲಿ ಇದು ನಡಿಯಲ್ಲ. ತಗೊಳ್ಳೋವಾಗ್ಲೇ 8ನೇದು ಅಥವಾ ಅದಕ್ಕಿಂತ ಹೊಸದು ಕೇಳಿ.

ಅದೇ ತಲೆಮಾರಿನೊಳಗೆ ಐ3 ತೆಗೆದು ಐ7 ಹಾಕ್ಬೋದಲ್ಲ ಅಂದ್ರೆ ಹಾಕ್ಬೋದು, ಹೆಸರಿನ ಕೊನೇಲಿ ಟಿ ಅಕ್ಷರ ಇರೋ 35 ವಾಟಿಂದು ಇದ್ರೆ. 65 ವಾಟಿನ ಮಾಮೂಲಿ ಪ್ರೊಸೆಸರ್ ಹಾಕಿದ್ರೆ ಆ ಪುಟ್ಟ ಫ್ಯಾನ್ ಅದನ್ನ ತಡ್ಕೊಳಲ್ಲ, ಬಿಸಿ ಆಗಿ ತಾನೇ ನಿಧಾನ ಆಗತ್ತೆ, ದುಡ್ಡು ದಂಡ. ಅಡಾಪ್ಟರ್ ಕೂಡ ಒರಿಜಿನಲ್ಲೇ ಇರ್ಲಿ, ಇಷ್ಟು ವಾಟಿಂದು ಅಂತ ಅಡಾಪ್ಟರ್ ಮಷಿನ್‌ಗೆ ಹೇಳೋ ಏರ್ಪಾಡು ಅದ್ರಲ್ಲಿರತ್ತೆ, ಗುರುತು ಸಿಗ್ಲಿಲ್ಲ ಅಂದ್ರೆ ಕೆಲವು ಮಷಿನ್ ಪ್ರೊಸೆಸರ್ ವೇಗಾನೇ ಇಳ್ಸ್ಬಿಡತ್ತೆ. ಇನ್ನು ನೆಟ್‌ವರ್ಕಿಂಗ್ ಹುಚ್ಚಿರೋರಿಗೆ ಲೆನೊವೊ ಎಂ720ಕ್ಯೂ, ಎಂ920ಕ್ಯೂ ಇಷ್ಟ ಆಗತ್ತೆ, ರೈಸರ್ ಕಾರ್ಡ್ ಹಾಕಿದ್ರೆ ಒಂದು ಪಿಸಿಐಇ ಸ್ಲಾಟ್ ಸಿಗತ್ತೆ, ನಾಲ್ಕು ಪೋರ್ಟಿನ ನೆಟ್‌ವರ್ಕ್ ಕಾರ್ಡ್ ಕೂರ್ಸಿ ಮನೆಗೆಲ್ಲಾ ಫೈರ್‌ವಾಲ್ ಮಾಡ್ಕೊಂಡಿರೋರು ಇದಾರೆ, ಆದ್ರೆ ಸಾಟಾ ಡ್ರೈವ್ ಜಾಗ ಆಗ ಹೋಗತ್ತೆ.

ಪ್ರೊಸೆಸರ್ ಆಸೆ ಬಿಡಕ್ಕೇ ಆಗಲ್ಲ ಅನ್ನೋರಿಗೆ ಒಂದು ದಾರಿ ಇತ್ತು, ಇನ್ನೂ ಇದೆ. ಎಎಸ್‌ರಾಕ್‌ನೋರ ಡೆಸ್ಕ್‌ಮಿನಿ, ಎರಡು ಲೀಟರಿಗೆ ಚೂರು ಕಮ್ಮಿ ಗಾತ್ರ. ಅದರ ಎಕ್ಸ್300 ಮಾಡೆಲಲ್ಲಿ ಎಎಂಡಿ ಎಎಂ4 ಸಾಕೆಟ್ ಇತ್ತು, ನಾಲ್ಕು ಕೋರಿನ ರೈಝೆನ್ 3400ಜಿ ಹಾಕಿ ಶುರು ಮಾಡಿದೋನು ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡ್ಕೊಂಡು ಎಂಟು ಕೋರಿನ 5700ಜಿ ಹಾಕ್ಕೊಳ್ಬೋದಿತ್ತು. ಈಗ ಎಕ್ಸ್600 ಇದೆ, ಎಎಂ5 ಸಾಕೆಟ್ಟು, ಆ ಸಾಕೆಟ್‌ಗೆ 2027 ದಾಟೋ ತನಕ ಸಪೋರ್ಟ್ ಕೊಡ್ತೀವಿ ಅಂತ ಎಎಂಡಿ ಹೇಳಿದೆ. ಪುಟ್ಟ ಡಬ್ಬಾದಲ್ಲಿ ಪ್ರೊಸೆಸರ್ ಬದಲಾಯ್ಸೋ ಆಸೆಗೆ ನೆಲೆ ಇರೋದು ಹೆಚ್ಚುಕಮ್ಮಿ ಇಷ್ಟೇ. ಇಂಟೆಲ್ ನಕ್ ಕೂಡ ಕೇಳಿರ್ತೀರ, ಅಂಗೈಯಗಲದ ಬೋರ್ಡ್, ರ‍್ಯಾಮ್ ಎಸ್‌ಎಸ್‌ಡಿ ನಾವೇ ಹಾಕ್ಕೊಳ್ಳೋದು, ಚೆನ್ನಾಗಿತ್ತು, ಪ್ರೊಸೆಸರ್ ಮಾತ್ರ ಬೆಸುಗೆ. 2023ರ ಜುಲೈಲಿ ಇಂಟೆಲ್ ಅದನ್ನ ಕೈಬಿಟ್ಟು ಏಸುಸ್‌ಗೆ ವಹಿಸ್ತು.

ಗ್ರಾಫಿಕ್ಸ್ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸ್ತೀನಿ. ಹೊರಗೆ ಕಾರ್ಡ್ ಇಟ್ಟು ಕೇಬಲಲ್ಲಿ ಸಿಗ್ಸೋದು. ಥಂಡರ್‌ಬೋಲ್ಟ್ 4ರಲ್ಲಿ 40 ಗಿಗಾಬಿಟ್, ಆಕ್ಯುಲಿಂಕ್ ಪೋರ್ಟ್ ಇರೋ ಚೈನಾ ಮಿನಿ ಪಿಸಿಗಳಲ್ಲಿ 64, ಥಂಡರ್‌ಬೋಲ್ಟ್ 5ರಲ್ಲಿ 80. ಆಕ್ಯುಲಿಂಕ್ ಅಗ್ಗ, ಆದ್ರೆ ಮಷಿನ್ ಆನ್ ಇರೋವಾಗ ಕೀಳ್ಬಾರ್ದು. ಎಂ ಸರಣಿ ಮ್ಯಾಕ್‌ಗಳಲ್ಲಿ ಆಪಲ್ ಇದಕ್ಕೆ ಅವಕಾಶ ಕೊಟ್ಟಿಲ್ಲ. ನನ್ನ ಕೇಳಿದ್ರೆ, ಕಾರ್ಡು, ಅದಕ್ಕೊಂದು ಪವರ್ ಸಪ್ಲೈ, ಅದಕ್ಕೊಂದು ಸ್ಟ್ಯಾಂಡು ಎಲ್ಲಾ ಸೇರ್ಸಿದ್ಮೇಲೆ ಅದು ಪುಟ್ಟ ಕಂಪ್ಯೂಟರ್ರೇ ಅಲ್ಲ.

ಪ್ರಶ್ನೆಗಳು.

ಒಬ್ಬ ಹುಡುಗ ಕೇಳಿದ, ಮನೇಲೇ ಎಐ ಮಾಡೆಲ್ ಓಡ್ಸಕ್ಕೆ ಹಳೇ ಟೈನಿಗೆ 64 ಜಿಬಿ ಹಾಕಿದ್ರೆ ಸಾಕಾ ಅಂತ. ಓಡತ್ತೆ ಕಣಪ್ಪಾ, ಆದ್ರೆ ತೆವಳತ್ತೆ. ಒಂದೊಂದು ಟೋಕನ್‌ಗೂ (ಪದದ ಒಂದು ತುಣುಕು ಅನ್ಕೋ) ಇಡೀ ಮಾಡೆಲ್ಲನ್ನ ಮೆಮೊರಿಯಿಂದ ಒಂದು ಸಲ ಓದ್ಬೇಕು, 8 ಬಿಲಿಯನ್ ಪ್ಯಾರಾಮೀಟರಿನ ಮಾಡೆಲ್ ಕುಗ್ಸಿದ್ರೂ ಸುಮಾರು 5 ಜಿಬಿ, 42 ಜಿಬಿ ವೇಗದಲ್ಲಿ ಸೆಕೆಂಡಿಗೆ ಎಂಟು ಸಲ ಓದ್ಬೋದು ಅಷ್ಟೇ, ಎಂ4ದ 120ರಲ್ಲಿ ಇಪ್ಪತ್ನಾಲ್ಕು ಸಲ, ಅದೂ ಮೇಲ್ಮಿತಿ. ನೀನು ಹಾಕೋ 64 ಜಿಬಿ ದೊಡ್ಡ ಮಾಡೆಲ್ ಹಿಡ್ಸತ್ತೆ, ವೇಗ ತರಲ್ಲ.

ಇನ್ನೊಬ್ರು ಮೇಡಂ, ರ‍್ಯಾಮ್ ಬೆಲೆ ಇಳಿಯೋ ತನಕ ಕಾಯ್ಲಾ ಅಂದ್ರು. 2025ರ ಕೊನೇಲಿ ಎಐ ಸರ್ವರ್‌ಗಳಿಗೆ ಅಂತ ಮೆಮೊರಿ ಕಂಪನಿಗಳು ಆ ಕಡೆ ತಿರುಗಿದ್ಮೇಲೆ ಬೆಲೆ ಆಕಾಶಕ್ಕೇರ್ತು, ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಬಿಡಿ ರ‍್ಯಾಮ್ ಎಸ್‌ಎಸ್‌ಡಿ ವ್ಯಾಪಾರಾನೇ ಮುಚ್ತೀವಿ ಅಂತ ಹೇಳ್ತು, ನಾನು ಆಗ್ಲೇ ಹೊಗಳಿದ ಎಲ್‌ಪಿಕ್ಯಾಮ್2 ಮಾರ್ತಿದ್ದೋರೂ ಅವ್ರೇ. ಸ್ಲಾಟ್ ಇದ್ರೂ ಹಾಕಕ್ಕೆ ಸರಕು ಬೇಕಲ್ಲ. ಹಂಗಾಗಿ ಸೆಕೆಂಡ್ ಹ್ಯಾಂಡ್ ಡಬ್ಬಾ ತಗೊಳ್ಳೋವಾಗ ರ‍್ಯಾಮ್ ಸಮೇತ ಇರೋದೇ ನೋಡಿ, ಖಾಲಿ ಡಬ್ಬಾ ಅಗ್ಗ ಅಂತ ತರ್ಬೇಡಿ.

ಕೊನೇಗೆ ಒಬ್ರು ಹಿರಿಯರು, ನಿವೃತ್ತ ಮೇಷ್ಟ್ರು, ಮಗ ಕೊಟ್ಟ 7ನೇ ಜನರೇಷನ್ ಡೆಲ್ ಮೈಕ್ರೋ ಇದೆ, ಎಸೀಲಾ ಅಂದ್ರು. ಎಸೀಬೇಡಿ ಸಾರ್. 8 ಜಿಬಿಯ ಎರಡು ರ‍್ಯಾಮ್ ಕಡ್ಡಿ, ಹಾರ್ಡ್ ಡಿಸ್ಕ್ ಇದ್ರೆ ತೆಗೆದು ಒಂದು ಸಾದಾ ಎಸ್‌ಎಸ್‌ಡಿ, ಫ್ಯಾನ್ ಧೂಳು ಊದಿ ಹೊಸ ಥರ್ಮಲ್ ಪೇಸ್ಟ್, ಆಮೇಲೆ ಲಿನಕ್ಸ್ ಹಾಕ್ಸಿ. ಅದ್ರಲ್ಲಿ ಕೀಬೋರ್ಡ್ ಸೆಟ್ಟಿಂಗಲ್ಲಿ ಕನ್ನಡ ಕಗಪ ಅಂತಾನೇ ಇದೆ, ನೀವು ನುಡೀಲಿ ಟೈಪ್ ಮಾಡ್ತಿದ್ದ ಬೆರಳಿನ ಅಭ್ಯಾಸ ಹೆಚ್ಚುಕಮ್ಮಿ ಹಂಗೇ ನಡಿಯತ್ತೆ. ಕರೆಂಟ್ ಹೋದ್ರೂ ಇನ್ವರ್ಟರ್ ಮೇಲೆ ಆರಾಮಾಗಿ ಓಡತ್ತೆ. ರ‍್ಯಾಮ್ ತಗೊಳ್ಳಕ್ಕೆ ಹೋಗೋವಾಗ ಹಳೇ ಕಡ್ಡಿ ಬಿಚ್ಚಿ ಕೈಯಲ್ಲೇ ಹಿಡ್ಕೊಂಡು ಹೋಗಿ, ಅಂಗಡಿಯೋರು ಅದರ ಸ್ಟಿಕರ್ ನೋಡಿ ಕೊಡ್ತಾರೆ.